ಈಸ್ಟರ್ ಹಬ್ಬದ ತವರುಮನೆ

ಪುರಾಣದ ಯುದ್ಧಗಳೆಲ್ಲ ಬಿಲ್ಲು ಬಾಣದಿಂದ ಶುರುವಾದವು ಎಂದು ತಿಳಿದವರು ಕಾವ್ಯವಾಚನವನ್ನು ನಿದ್ದೆಗಣ್ಣಿನಲ್ಲಿ ಕೇಳಿದ್ದಾರೆ ಎಂದೇ ಅರ್ಥ. ಯಾರೋ ಒಬ್ಬರು ಊಟವಾದ ಮೇಲೆ ಸುಮ್ಮನೆ ಕೂರಲಾರದೆ ಒಂದು ಮಾತು ಆಡಿರುತ್ತಾರೆ. ಅಲ್ಲಿಂದ ಮುಂದೆ ಆನೆ, ಕುದುರೆ, ರಥ ತಾವಾಗಿಯೇ ಬಂದು ಸೇರುತ್ತವೆ. ಭದ್ರಾವತಿಯಲ್ಲಿ ಆ ಮಾತನ್ನು ಆಡಿದವನು ನನ್ನ ಪಕ್ಕದ ಮೇಜಿನ ಧರ್ಮಪ್ಪ. ಆಡಿದ್ದು ಊಟವಾದ ಮೇಲಲ್ಲ, ಮಂಡಕ್ಕಿ ತಿಂದ ಮೇಲೆ.

ದೊಡ್ಡ ಕಬ್ಬಿಣದ ಕಾರ್ಖಾನೆಯ ಬೇಲಿಯಾಚೆ, ಜನ್ನಾಪುರದ ದಾರಿಯಲ್ಲಿ, ನಮ್ಮದೊಂದು ಚಿಕ್ಕ ಫೌಂಡ್ರಿ ಇತ್ತು. ನೇಗಿಲ ಕುಳ, ಬಾವಿಯ ರಾಟೆ ಇಂಥವನ್ನು ಎರಕ ಹೊಯ್ಯುವುದು ಅಲ್ಲಿನ ಕೆಲಸ. ಆಳುಗಳು ಅರವತ್ತು, ಗುಮಾಸ್ತರು ಇಬ್ಬರು, ಮ್ಯಾನೇಜರು ಒಬ್ಬರು. ದೊಡ್ಡ ಕಾರ್ಖಾನೆಯಲ್ಲಿ ಏನೇನು ಉಂಟೋ ಅದೆಲ್ಲ ನಮ್ಮಲ್ಲೂ ಇರಬೇಕೆಂಬುದು ಮ್ಯಾನೇಜರ್ ಶಿವಮೂರ್ತಪ್ಪನವರ ಹಟ. ಅಲ್ಲಿ ಶಿಳ್ಳೆ ಕೂಗಿದರೆ ನಮ್ಮಲ್ಲಿ ತೂಗುಹಾಕಿದ ರೈಲುಹಳಿಯ ತುಂಡಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಲ್ಲಿ ಕಡತಗಳಿವೆ ಎಂದು ಕೇಳಿದ್ದರಿಂದ ನಮ್ಮಲ್ಲೂ ಕೆಂಪು ದಾರ ಕಟ್ಟಿದ ಕಡತಗಳು. ಎಲ್ಲಿಂದಲೋ ತರಿಸಿಕೊಂಡ ರಜೆಯ ನಿಯಮವೂ ಒಂದಿತ್ತು: ‘ಪ್ರತಿಯೊಬ್ಬ ನೌಕರನೂ ತನ್ನ ಮತದ ಹಬ್ಬಕ್ಕೆ ಎರಡು ದಿನದ ರಜೆಯನ್ನು ಪಡೆಯತಕ್ಕದ್ದು.’ ಈ ಒಂದು ಸಾಲನ್ನು ಹನ್ನೊಂದು ವರ್ಷದಿಂದ ಕಾಯುತ್ತಿದ್ದವನು ಧರ್ಮಪ್ಪ. ಕಾಯುವುದಕ್ಕೆ ಸಾಲು ಒಂದೇ ಇದ್ದದ್ದರಿಂದ ಅವನಿಗೆ ಓದುವುದಕ್ಕೆ ಬಹಳ ಪುರಸೊತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ವರ್ಷದ ಚೈತ್ರಮಾಸ. ಧರ್ಮಪ್ಪ ಶಿವಮೊಗ್ಗಕ್ಕೆ ಹೋಗಿದ್ದವನು ಅಲ್ಲಿ ರೈಲಿಗೆ ಕಾಯುತ್ತ ಖಾರ ಮಂಡಕ್ಕಿ ತಿಂದ. ಮಂಡಕ್ಕಿ ಮುಗಿದ ಮೇಲೆ ಕಟ್ಟಿದ್ದ ಕಾಗದ ಉಳಿಯಿತು. ಅದು ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯ ಹಾಳೆ. ಮರುದಿನ ಬೆಳಿಗ್ಗೆ ಅದನ್ನು ನನ್ನ ಮೇಜಿನ ಮೇಲೆ ಹರಡಿ, ಹಾಳೆಯ ಎಣ್ಣೆಕಲೆಯನ್ನು ಅಂಗೈಯಿಂದ ಒರೆಸಿ, ಅವನು ಅಂದ:

“ಶಿವರಾಮ, ಈಸ್ಟರ್ ಹಬ್ಬ ಕಿರಿಸ್ತಾನರದ್ದಲ್ಲ ಮಾರಾಯ!”

“ಮತ್ತೆ ಯಾರದ್ದು?”

“ಒಬ್ಬಳು ದೇವೀದು. ಇಂಗ್ಲೆಂಡಿನಲ್ಲಿ ಮೊದಲು ವಸಂತಕಾಲಕ್ಕೆ ಅವಳ ಪೂಜೆ ಮಾಡ್ತಿದ್ರಂತೆ. ಆ ಹೆಸರೇ ಅವಳದ್ದಂತೆ. ಮೊಟ್ಟೆ ಅವಳದ್ದು, ಮೊಲ ಅವಳದ್ದು. ಆಮೇಲೆ ಬಂದ ಪಾದ್ರಿಗಳು ಹಬ್ಬ ಇಟ್ಕೊಂಡು ದೇವೀನ ಆಚೆ ಹಾಕಿದ್ರಂತೆ. ನೋಡು, ಅಚ್ಚಾಗಿದೆ!”

ಅಚ್ಚಾಗಿತ್ತು ನಿಜ. ಹಾಳೆಯ ಕೊನೆಯಲ್ಲಿ ‘ಆದರೆ’ ಎಂಬ ಪದವೂ ಅಚ್ಚಾಗಿತ್ತು. ಅಲ್ಲಿಂದ ಮುಂದಿನ ಹಾಳೆ ಬಹುಶಃ ಇನ್ನಾರದೋ ಮಂಡಕ್ಕಿಯೊಡನೆ ಹೋಗಿತ್ತು.

“ಆದರೆ ಏನು?” ಎಂದೆ.

“ಅದು ಬಿಡು. ಮುಖ್ಯವಾದ್ದೆಲ್ಲ ‘ಆದರೆ’ಗಿಂತ ಮುಂಚೇನೇ ಬಂದಿರುತ್ತೆ.”

‘ಆದರೆ’ ಎಂಬಲ್ಲಿ ವಾಚನ ನಿಲ್ಲಿಸಿ ಪುಸ್ತಕ ಮಡಿಸುವವರನ್ನು ನಾನು ಗುಡಿಯ ಜಗುಲಿಯಲ್ಲಿ ಎಂದೂ ಕಂಡಿರಲಿಲ್ಲ. ಆದರೂ ನನಗೆ ಅಭ್ಯಾಸವಿದ್ದದ್ದು ಕೇಳುವುದು. ಕೇಳಿದೆ.

ಧರ್ಮಪ್ಪ ಅಲ್ಲಿಗೆ ನಿಲ್ಲಲಿಲ್ಲ. ಗೋಡೆಯ ಮೊಳೆಯಿಂದ ಪಂಚಾಂಗವನ್ನು ಇಳಿಸಿ, ಅದರ ಪಕ್ಕಕ್ಕೆ ಇಂಗ್ಲಿಷ್ ಕ್ಯಾಲೆಂಡರನ್ನು ಇಟ್ಟುಕೊಂಡ. ಅರ್ಧ ಗಂಟೆ ಬೆರಳು ಮಡಿಸಿದ. ಆಮೇಲೆ ಕುರ್ಚಿಯಿಂದ ಎದ್ದೇಬಿಟ್ಟ.

“ಕ್ರಿಸ್‌ಮಸ್ಸು ಯಾವಾಗ್ಲೂ ಡಿಸೆಂಬರ್ ಇಪ್ಪತ್ತೈದು. ಒಂದು ದಿನ ಅತ್ತ ಇಲ್ಲ, ಇತ್ತ ಇಲ್ಲ. ಈ ಹಬ್ಬ ಮಾತ್ರ ಯಾಕೆ ಅಲೀತಿದೆ? ಹುಣ್ಣಿಮೆ ನೋಡ್ಕೊಂಡು ಅಲೀತಿದೆ! ನಮ್ಮ ದವನದ ಹುಣ್ಣಿಮೆ ಈ ಸಲ ಗುರುವಾರ. ಅವರ ಹಬ್ಬ ಅದರ ಮುಂದಿನ ಭಾನುವಾರ. ಹೋದ ವರ್ಷ ಹೋಳಿ ಹುಣ್ಣಿಮೆ ಶುಕ್ರವಾರ, ಅವರ ಹಬ್ಬ ಮೂರನೇ ದಿನ ಭಾನುವಾರ!”

“ಹೋದ ವರ್ಷ ಹೋಳಿ, ಈ ವರ್ಷ ದವನ. ಎರಡು ಬೇರೆ ಬೇರೆ ಹುಣ್ಣಿಮೆ ಆಯ್ತಲ್ಲ?”

“ಹುಣ್ಣಿಮೆ ಎರಡಾದ್ರೂ ಚಂದ್ರ ಒಬ್ಬನೇ ಅಲ್ವೇನೋ?” ಎಂದು ಅವನು ನನ್ನನ್ನು ಕನಿಕರದಿಂದ ನೋಡಿದ. “ತಿಥಿ ನೋಡ್ಕೊಂಡು ಬರೋ ಹಬ್ಬ ನಮ್ಮ ಕಡೇದೇ. ಆ ದೇವಿ ನಮ್ಮೋಳೇ.”

ಹೀಗೆ ಬೆಳಗಿನ ಹತ್ತು ಗಂಟೆಯ ಒಳಗೆ ಇಂಗ್ಲೆಂಡಿನ ದೇವಿಯೊಬ್ಬಳು ಭದ್ರಾವತಿಯವಳಾದಳು.

ಅದೇ ದಿನ ಮಧ್ಯಾಹ್ನ ಸವರಿಮುತ್ತು ಅರ್ಜಿ ತಂದ. ಸವರಿಮುತ್ತು ನಮ್ಮಲ್ಲಿ ಎರಕದ ಅಚ್ಚು ಕಟ್ಟುವವನು. ಅವನು ಮರಳನ್ನು ಮುಷ್ಟಿಯಲ್ಲಿ ಹಿಡಿದು ‘ಆಯ್ತು’ ಅನ್ನುವವರೆಗೆ ಯಾರೂ ಕಬ್ಬಿಣ ಕರಗಿಸುತ್ತಿರಲಿಲ್ಲ. ಮುಂಗಾರಿಗೆ ಮುಂಚೆ ಕುಳಗಳು ಊರೂರಿಗೆ ಹೋಗಬೇಕಾದ್ದರಿಂದ ಆ ತಿಂಗಳು ಭಾನುವಾರವೂ ಕೆಲಸ. ಅವನಿಗೆ ಹಬ್ಬದ ಭಾನುವಾರ ಮತ್ತು ಸೋಮವಾರ ರಜೆ ಬೇಕಾಗಿತ್ತು.

“ಹಬ್ಬಾನೂ ಇದೆ ಸಾಮಿ, ಮಗಳ ಮಾತೂ ಇದೆ,” ಎಂದ. “ಗಂಡಿನ ಕಡೆಯೋರು ಕೋಲಾರದ ಗಣಿಯೋರು. ಅವರಿಗೂ ರಜ ಸಿಗೋದು ಆ ಎರಡೇ ದಿನ. ಶಿವಮೊಗ್ಗದಲ್ಲಿ ನೆಂಟರ ಮನೆಗೆ ಬರ್ತಾರೆ. ಭಾನುವಾರ ಪೂಜೆ ಆದ್ಮೇಲೆ ವೀಳ್ಯ. ತಂದೆ ಇಲ್ಲ ಅಂದ್ರೆ ವೀಳ್ಯ ಯಾರ ಕೈಗೆ ಕೊಡ್ತಾರೆ? ಹುಡುಗನ ಸೋದರತ್ತೆ ಬೇರೆ ಹೆಣ್ಣು ನೋಡಿಟ್ಕೊಂಡು ಕೂತಿದ್ದಾಳಂತೆ. ಒಂದು ತಪ್ಪು ಸಿಕ್ಕಿದ್ರೆ ಸಾಕು, ಸಂಬಂಧ ಮುರೀತಾಳೆ.”

ಹನ್ನೊಂದು ವರ್ಷ ಇಂಥ ಅರ್ಜಿಯ ಮೇಲೆ ಧರ್ಮಪ್ಪ ಬರೆದದ್ದು ‘ಕೊಡಬಹುದು’ ಎಂಬ ಒಂದೇ ಮಾತು. ಅಂದು ಅವನು ಹೊಸ ನಿಬ್ಬು ಹಾಕಿ ಎರಡು ಪುಟ ಬರೆದ. ಕೊನೆಯ ಸಾಲು ಹೀಗಿತ್ತು: ‘ಸದರಿ ಹಬ್ಬವು ಅರ್ಜಿದಾರನ ಮತಕ್ಕೆ ಮೂಲತಃ ಸೇರಿದ್ದೋ ಅಲ್ಲವೋ ಎಂಬುದು ಸಂಶೋಧನೆಗೆ ಒಳಪಡಬೇಕಾದ ವಿಷಯವಾಗಿರುತ್ತದೆ.’ ಸವರಿಮುತ್ತುವಿನ ರಜೆ ತಪ್ಪಿಸಬೇಕೆಂಬ ಕೆಟ್ಟ ಬುದ್ಧಿ ಅವನಿಗೆ ಎಳ್ಳಷ್ಟೂ ಇರಲಿಲ್ಲ. ತನ್ನ ಸಂಶೋಧನೆಯನ್ನು ಯಾರಾದರೂ ಓದಲಿ ಎಂಬ ಆಸೆ ಇತ್ತು, ಮತ್ತು ನಮ್ಮ ಫೌಂಡ್ರಿಯಲ್ಲಿ ಬರೆದದ್ದನ್ನು ಓದಿಸುವುದಕ್ಕೆ ರಜೆಯ ಕಡತ ಬಿಟ್ಟು ಬೇರೆ ದಾರಿ ಇರಲಿಲ್ಲ.

ಶಿವಮೂರ್ತಪ್ಪನವರು ಎರಡು ಪುಟವನ್ನೂ ಓದಿದರು. ಅವರು ಸಹಿಗೆ ಹೆದರುವ ಮನುಷ್ಯ. ಸೀಮೆಸುಣ್ಣದ ಪೆಟ್ಟಿಗೆ ತರಿಸುವುದಕ್ಕೂ ಎರಡನೆಯವರ ಅಭಿಪ್ರಾಯ ಬೇಕು.

“ಧರ್ಮಪ್ಪ, ಈಗ ರಜ ಕೊಡೋದೋ ಬೇಡ್ವೋ?”

“ಮೂಲ ಗೊತ್ತಾಗ್ಬೇಕು ಸಾರ್.”

“ಗೊತ್ತಾಗೋವರೆಗೆ?”

“ಅದು ತಮ್ಮ ಚಿತ್ತ.”

ತಮ್ಮ ಚಿತ್ತ ಎಂಬ ಮಾತು ಕೇಳಿದೊಡನೆ ಅವರು ಲೇಖನಿಯನ್ನು ಮೂರು ಸಲ ಮಸಿಯಲ್ಲಿ ಅದ್ದಿದರು. ‘ಹಬ್ಬದ ಮೂಲದ ಬಗ್ಗೆ ತಕ್ಕವರಿಂದ ಸರ್ಟಿಫಿಕೇಟು ಪಡೆದು ಹಾಜರುಪಡಿಸುವುದು. ಅಲ್ಲಿಯವರೆಗೆ ರಜೆಯನ್ನು ತಡೆಹಿಡಿದಿದೆ’ ಎಂದು ಬರೆದು, ಸಹಿ ಹಾಕಬೇಕಾದ ಜಾಗದಲ್ಲಿ ತಾರೀಖು ಮಾತ್ರ ಹಾಕಿದರು.

ಸವರಿಮುತ್ತುವಿಗೆ ಇದನ್ನು ಓದಿ ಹೇಳಿದಾಗ ಅವನು, “ಹಬ್ಬಕ್ಕೆ ಸರ್ಟಿಫಿಕೇಟಾ?” ಎಂದ. ಆಮೇಲೆ, “ಹುಟ್ಟಿದ್ದಕ್ಕೆ ಕೊಡ್ತಾರೆ, ಸತ್ತಿದ್ದಕ್ಕೆ ಕೊಡ್ತಾರೆ. ಸತ್ತು ಎದ್ದು ಬಂದಿದ್ದಕ್ಕೆ ಯಾರು ಕೊಡ್ತಾರೆ ಸಾಮಿ?” ಎಂದ.

ಧರ್ಮಪ್ಪ ತನ್ನ ಹಾಳೆಯನ್ನು ತಿರುವಿ ಅದರ ಹಿಂಬದಿಯಲ್ಲೂ ಹುಡುಕಿದ.

ಮುಂದಿನ ಭಾನುವಾರ ಬೆಳಿಗ್ಗೆ ಮ್ಯಾನೇಜರ ಅಪ್ಪಣೆಯ ಮೇರೆಗೆ ನಾವು ಮೂವರೂ ಶಿವಮೊಗ್ಗಕ್ಕೆ ಹೊರಟೆವು. ಇಗರ್ಜಿಯಲ್ಲಿ ಆಗತಾನೆ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಎಳೆಯ ತೆಂಗಿನ ಗರಿ. ಅವರಿಗೆ ಅದು ಗರಿಗಳ ಭಾನುವಾರ ಎಂದು ಸವರಿಮುತ್ತು ಹೇಳಿದ. ಧರ್ಮಪ್ಪ ನನ್ನ ಪಕ್ಕೆಗೆ ತಿವಿದು, “ತೋರಣ! ನೋಡಿದ್ಯಾ, ತೋರಣ!” ಎಂದು ಪಿಸುಗುಟ್ಟಿದ. ಆ ಮನಃಸ್ಥಿತಿಯಲ್ಲಿ ಅವನು ಇಗರ್ಜಿಯ ಗಂಟೆ ಕಂಡರೂ ಸಾಕ್ಷಿ ಎನ್ನುತ್ತಿದ್ದ. ಕಂಡ, ಅಂದ.

ಫಾದರ್ ಲೋಬೊ ಮಂಗಳೂರಿನ ಕಡೆಯ ವಯಸ್ಸಾದವರು. ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದರು. ಹಾಳೆಯನ್ನು ಓದಿ, ಮೂಸಿ, “ಮಂಡಕ್ಕಿಗೆ ಬೆಳ್ಳುಳ್ಳಿ ಹಾಕಿದ್ದರು,” ಎಂದರು. ಆಮೇಲೆ ಕೇಳಿದರು: “ಮುಂದಿನ ಹಾಳೆ ಎಲ್ಲಿ?”

“ಅದಿಲ್ಲ ಸ್ವಾಮಿ.”

“ಹಾಗಾದರೆ ನಾನು ಹೇಳುತ್ತೇನೆ, ಕೇಳಿ. ಆ ದೇವಿಯ ಹೆಸರನ್ನು ಸಾವಿರದ ಇನ್ನೂರು ವರ್ಷದ ಹಿಂದೆ ಒಬ್ಬ ಸನ್ಯಾಸಿ ತಮ್ಮ ಪುಸ್ತಕದಲ್ಲಿ ಒಂದು ಕಡೆ ಬರೆದಿದ್ದಾರೆ. ಅದೂ ತಿಂಗಳುಗಳ ಹೆಸರು ಹೇಳುತ್ತಾ. ಅವರಿಗಿಂತ ಮುಂಚೆ ಯಾರೂ ಹೇಳಿಲ್ಲ. ಒಂದು ಗುಡಿ ಇಲ್ಲ, ಒಂದು ವಿಗ್ರಹ ಇಲ್ಲ, ಒಂದು ಹಾಡು ಇಲ್ಲ. ಆ ಹೆಸರೂ ಇಂಗ್ಲಿಷರಲ್ಲಿ, ಜರ್ಮನರಲ್ಲಿ ಮಾತ್ರ. ಮಿಕ್ಕ ಬಹಳ ಕಡೆ ಹಬ್ಬಕ್ಕೆ ಬೇರೆ ಹೆಸರು. ಏನಪ್ಪಾ ಸವರಿಮುತ್ತು, ನಿನ್ನ ತಾಯಿ ಏನೆನ್ನುತ್ತಿದ್ದರು?”

“ಪಾಸ್ಕಾ ಅಂತಿದ್ರು ಸಾಮಿ.”

“ಅದು ಯೆಹೂದ್ಯರ ಹಬ್ಬದ ಹೆಸರು. ಅವರು ಚಂದ್ರನನ್ನು ನೋಡಿ ಮಾಡುತ್ತಿದ್ದರು, ಅದಕ್ಕೆ ನಾವೂ ನೋಡುತ್ತೇವೆ. ಚಂದ್ರ ಭದ್ರಾವತಿಯಿಂದ ಮಾತ್ರ ಕಾಣುವುದಿಲ್ಲ.”

“ಮೊಟ್ಟೆ?” ಎಂದ ಧರ್ಮಪ್ಪ.

“ನಲವತ್ತು ದಿನ ನಮಗೆ ಉಪವಾಸ. ಹಿಂದೆ ಮೊಟ್ಟೆಯನ್ನೂ ತಿನ್ನುವ ಹಾಗಿರಲಿಲ್ಲ. ಕೋಳಿಗೆ ಉಪವಾಸವಿಲ್ಲವಲ್ಲ, ಅದು ಇಡುತ್ತಲೇ ಇರುತ್ತದೆ. ಹಬ್ಬದ ದಿನ ಮನೆ ತುಂಬಾ ಮೊಟ್ಟೆ. ಏನು ಮಾಡುವುದು ಹೇಳಿ?”

“ಮೊಲ?”

ಫಾದರ್ ಕನ್ನಡಕ ತೆಗೆದು ಒರೆಸಿದರು. “ಮೊಲದ ವಿಷಯ ನನಗೂ ಅರ್ಥವಾಗಿಲ್ಲ,” ಎಂದರು.

ಆಮೇಲೆ ಒಂದು ಕಾಗದ ಬರೆದುಕೊಟ್ಟರು. ‘ಈ ಹಬ್ಬವನ್ನು ಕ್ರೈಸ್ತರು ಸುಮಾರು ಸಾವಿರದ ಒಂಬೈನೂರು ವರ್ಷಗಳಿಂದ ಆಚರಿಸುತ್ತಿದ್ದಾರೆ. ಅದಕ್ಕೆ ಮುಂಚೆ ಆ ಋತುವಿನಲ್ಲಿ ಬೇರೆ ಯಾರಾದರೂ ಸಂತೋಷಪಟ್ಟಿದ್ದರೆ ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಇವನಿಗೆ ರಜೆ ಕೊಡಿ.’

ಇಷ್ಟು ಚೆಂದದ ಕಾಗದವನ್ನು ನಾನು ನೋಡಿಲ್ಲ. ಸೋಮವಾರ ಬೆಳಿಗ್ಗೆ ಶಿವಮೂರ್ತಪ್ಪನವರು ಅದರಲ್ಲಿ ಎರಡನೆಯ ವಾಕ್ಯದ ಕೆಳಗೆ ಗೆರೆ ಎಳೆದರು.

“ಬೇರೆ ಯಾರಾದರೂ ಅಂದ್ರೆ ಯಾರು? ಅವರೇ ಒಪ್ಪಿಕೊಂಡ ಹಾಗಾಯ್ತಲ್ಲ! ಇದನ್ನ ಇಟ್ಕೊಂಡು ನಾನು ಹೇಗೆ ಸಹಿ ಹಾಕ್ಲಿ?”

“ಇನ್ನು ಆರು ದಿನ ಇದೆ ಸಾಮಿ,” ಎಂದ ಬಾಗಿಲಲ್ಲಿ ನಿಂತಿದ್ದ ಸವರಿಮುತ್ತು.

ಇಷ್ಟೇ ಆಗಿದ್ದರೆ ವಿಷಯ ಕಡತದ ಒಳಗೇ ಇರುತ್ತಿತ್ತು. ಆದರೆ ಧರ್ಮಪ್ಪನಿಗೆ ಮನೆಯೂ ಇತ್ತು, ಮನೆಯಲ್ಲಿ ಹೆಂಡತಿ ಹಾಲಮ್ಮನೂ ಇದ್ದಳು. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆ ಹೆಂಚಿನವರೆಗೆ ಹೋಗಿರಲಿಲ್ಲವಾದ್ದರಿಂದ ನಾನು ಕಿವಿ ಕೊಡುವ ತೊಂದರೆಯನ್ನೂ ತೆಗೆದುಕೊಳ್ಳಬೇಕಾಗಿರಲಿಲ್ಲ.

ಅಂದು ರಾತ್ರಿ ಧರ್ಮಪ್ಪ ಊಟಕ್ಕೆ ಕೂತು ಸಂಶೋಧನೆಯನ್ನೆಲ್ಲ ಹೇಳಿದ. ಹಾಲಮ್ಮ ಕೇಳಿದ ಮೊದಲನೆಯ ಪ್ರಶ್ನೆ ಯಾವ ಪಂಡಿತರಿಗೂ ಹೊಳೆದಿರಲಾರದು.

“ಹಬ್ಬ ಕಿತ್ಕೊಂಡು ಆಚೆ ಹಾಕಿದ್ರು ಅಂದ್ರಲ್ಲ. ಆಮೇಲೆ ಆಕೆ ಎಲ್ಲಿಗೆ ಹೋದ್ಲು?”

“ಎಲ್ಲಿಗೆ ಹೋಗ್ತಾಳೆ? ಅದು ಇತಿಹಾಸ ಕಣೇ.”

“ಇತಿಹಾಸ ಅಂದ್ರೇನ್ರೀ? ದೇವಿ ಅಂದ್ಮೇಲೆ ಎಲ್ಲಾದ್ರೂ ಇರ್ಬೇಕಲ್ಲ? ಗುಡಿ ಇಲ್ಲ, ದೀಪ ಇಲ್ಲ, ಹೊಟ್ಟೆಗಿಲ್ಲ. ಅಂಥೋಳು ಸುಮ್ನೆ ಇರ್ತಾಳಾ? ಯಾರ ಬಾಗಿಲಿಗಾದ್ರೂ ಬರ್ತಾಳೆ.” ಸ್ವಲ್ಪ ತಡೆದು, ದನಿ ಇಳಿಸಿ, “ಆ ಕಾಗದ ಎಲ್ಲಿದೆ?” ಎಂದಳು.

“ನನ್ನ ಜೇಬಲ್ಲಿ.”

“ಮನೆ ಒಳಗಾ? ಅಯ್ಯೋ ಶಿವನೇ! ಓದಿದ್ದಲ್ಲದೆ ಕರ್ಕೊಂಡೂ ಬಂದ್ರಲ್ರೀ!”

ಮರುದಿನ ಅವರ ಎಮ್ಮೆ ಹಾಲು ಕೊಡಲಿಲ್ಲ. ಎಮ್ಮೆ ಅದಕ್ಕೂ ಹಿಂದಿನ ವಾರವೇ ಹಾಲು ನಿಲ್ಲಿಸುತ್ತ ಬಂದಿತ್ತು ಎಂಬುದು ನನಗೆ ಗೊತ್ತಿತ್ತು, ಏಕೆಂದರೆ ಹಾಲು ಕೊಳ್ಳುತ್ತಿದ್ದವನು ನಾನು. ಆದರೆ ಬಾವಿಕಟ್ಟೆಯಲ್ಲಿ ಹಾಲಮ್ಮ ಅದನ್ನು ಹೇಳಿದ ಮೇಲೆ ಒಬ್ಬಳ ಮಗುವಿಗೆ ಜ್ವರ ಬಂದದ್ದೂ ಇನ್ನೊಬ್ಬಳ ಹೆಂಚು ಒಡೆದದ್ದೂ ಅದೇ ಲೆಕ್ಕಕ್ಕೆ ಬಂದವು. ಎಲ್ಲರೂ ಸೇರಿ ಹುಚ್ಚಮ್ಮಜ್ಜಿಯ ಬಳಿ ಹೋದರು. ಹುಚ್ಚಮ್ಮ ಜನ್ನಾಪುರದ ಸೂಲಗಿತ್ತಿ. ಸುತ್ತಿನ ಅರ್ಧ ಊರು ಅವಳ ಕೈಮೇಲೆ ಭೂಮಿಗೆ ಬಂದದ್ದು. ಮಂಗಳವಾರ, ಶುಕ್ರವಾರ ಅವಳ ಮೈಮೇಲೆ ದೇವಿ ಬರುತ್ತಿದ್ದಳು. ಅಂದು ಮಂಗಳವಾರವೇ.

ದೇವಿ ಬಂದಳು. ಒಬ್ಬ ಸನ್ಯಾಸಿಗೆ ಒಂದೇ ಸಾಲಿನಷ್ಟು ಸಿಕ್ಕಿ ಸಾವಿರದ ಇನ್ನೂರು ವರ್ಷ ಯಾರ ಕೈಗೂ ಸಿಗದೆ ಇದ್ದವಳು ಜನ್ನಾಪುರದಲ್ಲಿ ಮುಕ್ಕಾಲು ಗಂಟೆ ನಿರರ್ಗಳವಾಗಿ ಮಾತಾಡಿದಳು. ಅದೂ ಅಪ್ಪಟ ನಮ್ಮ ಕಡೆಯ ಕನ್ನಡದಲ್ಲಿ.

“ನನ್ನ ಹಬ್ಬ ನಂಗೆ ಕೊಡ್ರೋ!” ಎಂದು ಹುಚ್ಚಮ್ಮ ತಲೆ ಬಿಚ್ಚಿ ಕೂಗಿದಳು. “ಎರಡು ದಿನ ನನ್ನ ಹೆಸರಲ್ಲಿ ಕುಲುಮೆ ಊದಬ್ಯಾಡಿ, ಕಬ್ಬಿಣ ಮುಟ್ಟಬ್ಯಾಡಿ!”

ಕಬ್ಬಿಣದ ಮಾತು ದೇವಿಗೆ ಹೇಗೆ ತಿಳಿಯಿತು ಎಂದು ಯಾರೂ ಕೇಳಲಿಲ್ಲ. ಜನರ ಮುಂದಿನ ಸಾಲಿನಲ್ಲಿ ಕುಲುಮೆಯ ಮೇಸ್ತ್ರಿ ಕರಿಯಣ್ಣ ಕೈಮುಗಿದು ನಿಂತಿದ್ದ, ಅಷ್ಟನ್ನು ಮಾತ್ರ ನಾನು ಹೇಳಬಲ್ಲೆ.

ಬುಧವಾರ ಬೆಳಿಗ್ಗೆ ಕರಿಯಣ್ಣ ಮ್ಯಾನೇಜರ ಮುಂದೆ ಒಂದು ಮನವಿ ಇಟ್ಟ. ಕೆಳಗೆ ಐವತ್ತಾರು ಹೆಬ್ಬೆಟ್ಟು.

“ಬುದ್ಧಿ, ತಮ್ಮ ಆಪೀಸಿನಲ್ಲೇ ಬರ್ದಿದಾರಂತೆ, ಈ ಹಬ್ಬ ಕಿರಿಸ್ತಾನರದ್ದಲ್ಲ, ನಮ್ಮ ದೇವೀದು ಅಂತ. ಹಂಗಾದ್ರೆ ನಿಯಮದ ಪ್ರಕಾರ ಭಾನುವಾರ, ಸೋಮವಾರ ನಮಗೆ ರಜ ಆಗ್ಬೇಕು.”

“ಐವತ್ತಾರು ಜನಕ್ಕೂ?”

“ದೇವಿ ಎಲ್ರಿಗೂ ಒಬ್ಬಳೇ ಅಲ್ವಾ ಬುದ್ಧಿ.”

“ಮಿಕ್ಕ ನಾಲ್ಕು ಜನ?”

“ಅವರು ಸವರಿಮುತ್ತು ಕಡೆಯೋರು. ಅವರಿಗೆ ಆ ಹಬ್ಬದ ಮೇಲೆ ಹಕ್ಕಿಲ್ಲ ಅಂತ ತಮ್ಮ ಕಡತಾನೇ ಹೇಳ್ತದಂತಲ್ಲ. ಅವರು ಬಂದು ಕೆಲಸ ಮಾಡ್ಲಿ.”

ನಾಲ್ಕು ಜನ ಸೇರಿ ಅರವತ್ತು ಜನರ ಎರಕ ಹೊಯ್ಯುವ ದೃಶ್ಯವನ್ನು ಶಿವಮೂರ್ತಪ್ಪನವರು ಕಣ್ಣುಮುಚ್ಚಿ ನೋಡಿದರು. ಐನೂರು ಕುಳ ಸೋಮವಾರ ಸಂಜೆ ಗಾಡಿಗೆ ಏರಬೇಕಾಗಿತ್ತು. ಕಣ್ಣು ತೆರೆದಾಗ ಎದುರಿಗೆ ಧರ್ಮಪ್ಪ ಇದ್ದ.

“ನೋಡು ಧರ್ಮಪ್ಪ, ಈ ದೇವೀನ ಕರ್ಕೊಂಡು ಬಂದೋನು ನೀನು. ವಾಪಸು ಬಿಟ್ಟು ಬರೋನೂ ನೀನೇ. ಶುಕ್ರವಾರ ಬೆಳಿಗ್ಗೆ ಒಳಗೆ ಅಂಥ ದೇವಿ ಇರಲೇ ಇಲ್ಲ ಅಂತ ಬರ್ದು ಕೊಡು.”

ಧರ್ಮಪ್ಪ ಬರೆದ. ಫಾದರ್ ಹೇಳಿದ್ದನ್ನೆಲ್ಲ ನೆನೆಸಿಕೊಂಡು, ಗುಡಿಯಿಲ್ಲ, ವಿಗ್ರಹವಿಲ್ಲ, ಹಾಡಿಲ್ಲ ಎಂದು ಒಂದೂವರೆ ಪುಟ ಬರೆದ. ಆದರೆ ಅದನ್ನು ಸಂಜೆ ಹಾಲಮ್ಮನಿಗೂ ಓದಿ ಹೇಳಿದ. ಅದು ಅವನ ದೌರ್ಬಲ್ಯ.

“ಗುಡಿ ಇಲ್ಲ ಅಂದ್ರೆ ದೇವಿ ಇಲ್ಲ ಅಂತಾನಾ?” ಎಂದಳು ಹಾಲಮ್ಮ. “ನಮ್ಮೂರ ಚೌಡಿಗೆ ಗುಡಿ ಎಲ್ಲಿದೆ? ಒಂದು ಕಲ್ಲು, ಒಂದು ಬೇವಿನ ಮರ. ಹಾಗಂತ ಅವಳಿಲ್ವಾ? ನಿನ್ನೆ ಮುಕ್ಕಾಲು ಗಂಟೆ ಮಾತಾಡ್ದೋಳನ್ನ ಇವತ್ತು ಇಲ್ಲ ಅಂತ ಬರೀತೀರಾ? ನಾಳೆ ಹುಣ್ಣಿಮೆ ಬೇರೆ. ನಿಮ್ಮ ಕೈಗೆ ಏನಾದ್ರೂ ಆದ್ರೆ ನನ್ನ ಹತ್ರ ಬರ್ಬೇಡಿ.”

ಆ ಒಂದೂವರೆ ಪುಟ ಒಲೆಗೆ ಹೋಯಿತು. ಹೀಗೆ ಧರ್ಮಪ್ಪನಿಗೆ ದೇವಿ ಇದ್ದಾಳೆ ಎಂದರೆ ಮ್ಯಾನೇಜರು, ಇಲ್ಲ ಎಂದರೆ ಹೆಂಡತಿ. ಇದ್ದೂ ಇಲ್ಲದ ಹಾಗೆ ಇರುವುದು ಹೇಗೆಂದು ವೇದಾಂತಿಗಳು ಗ್ರಂಥ ಬರೆದಿದ್ದಾರೆ. ಅವರಲ್ಲಿ ಯಾರಿಗೂ ಶುಕ್ರವಾರದ ವಾಯಿದೆ ಇರಲಿಲ್ಲ.

ಇತ್ತ ಸವರಿಮುತ್ತುವಿನ ಹೆಂಡತಿ ಮರಿಯಮ್ಮ ಗುರುವಾರ ಬೆಳಿಗ್ಗೆ ಹುಚ್ಚಮ್ಮನ ಮನೆಗೆ ಹೋದಳು. ದೇವಿಯನ್ನು ಕೇಳುವುದಕ್ಕಲ್ಲ, ಅದು ಅವಳ ಮತಕ್ಕೆ ಸಲ್ಲದು. ಹೋದದ್ದು ಕಷ್ಟ ಹೇಳಿಕೊಳ್ಳುವುದಕ್ಕೆ. ಅಂಗಳದಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಡೆದದ್ದನ್ನು ಆಮೇಲೆ ಹಾಲಮ್ಮ ನಮ್ಮ ಗೋಡೆಯ ಮೇಲಿಂದ ವರದಿ ಮಾಡಿದಳು.

“ಯಾವ ಮಗಳೇ? ಅರುಳಾ?” ಎಂದಳಂತೆ ಹುಚ್ಚಮ್ಮ. “ಕಾಲು ಮುಂದಾಗಿ ಬಂತಲ್ಲ, ಆ ಕೂಸಾ?”

“ಅವಳೇ ಅಜ್ಜಿ. ನಿಮ್ಮ ಕೈಲೇ ಹುಟ್ಟಿದ್ದು. ಭಾನುವಾರ ಅಪ್ಪ ಇಲ್ಲ ಅಂದ್ರೆ ವೀಳ್ಯ ಇಲ್ಲ. ವೀಳ್ಯ ಇಲ್ಲ ಅಂದ್ರೆ ಆ ಅತ್ತೆ ಬೇರೆ ಹುಡುಗೀನ ತರ್ತಾಳೆ.”

“ರಜ ಯಾಕೆ ಕೊಡಲ್ವಂತೆ?”

“ದೇವಿ ಹಬ್ಬ ಕೇಳಿದ್ಲಂತೆ ಅಜ್ಜಿ.”

“ಯಾವ ದೇವಿ?”

“ನಿಮ್ಮ ಮೈಮೇಲೆ ಬಂದಿದ್ದಳಲ್ಲ, ಆ ದೇವಿ.”

ಹುಚ್ಚಮ್ಮ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳಂತೆ. “ಇಡೀ ಹಗಲು ಇಡೀ ರಾತ್ರಿ ಹಿಡಿದು ಎಳೆದಿದ್ದೀನಿ ಆ ಕೂಸನ್ನ. ಅದರ ಮದುವೆಗೆ ಅಡ್ಡ ಬರೋಕೆ ಇವಳ್ಯಾರು? ಸಂಜೆ ಆಗ್ಲಿ, ಮಾತಾ‌ಡ್ತೀನಿ,” ಎಂದಳಂತೆ.

ದೇವಿ ವಾರದ ಕಟ್ಟಳೆ ಮುರಿದು ಗುರುವಾರವೇ ಬರುತ್ತಾಳೆ ಎಂಬ ಸುದ್ದಿ ಮಧ್ಯಾಹ್ನಕ್ಕೆ ಊರು ತುಂಬಿತು. ಹೊತ್ತು ಮುಳುಗುವ ಮುಂಚೆ ಹುಚ್ಚಮ್ಮನ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಹೆಂಗಸರ ಮುಡಿಯಲ್ಲಿ ಹುಣ್ಣಿಮೆಯ ದವನ ಘಮಘಮಿಸುತ್ತಿತ್ತು. ಕರಿಯಣ್ಣ ಮುಂದಿನ ಸಾಲಿನಲ್ಲಿ. ಶಿವಮೂರ್ತಪ್ಪನವರು ದಾರಿಯಲ್ಲಿ ಹೋಗುವವರಂತೆ ಬಂದು ಬೇಲಿಯ ಬಳಿ ಕೊಡೆ ಬಿಚ್ಚಿ ಅದರ ಮರೆಯಲ್ಲಿ ನಿಂತರು. ಮಳೆಯಿಲ್ಲದ ಸಂಜೆಯಲ್ಲಿ ಆ ಕೊಡೆಯ ಮರೆಯಲ್ಲಿ ಯಾರಿದ್ದಾರೆಂಬುದು ಎಲ್ಲರಿಗೂ ಗೊತ್ತಾಯಿತು. ಸವರಿಮುತ್ತು ರಸ್ತೆಯ ಆ ಕಡೆ ಬೆನ್ನು ತಿರುಗಿಸಿ ನಿಂತು ಜಪಮಣಿ ಎಣಿಸುತ್ತಿದ್ದ. ಅವನು ನೋಡುವ ಹಾಗಿರಲಿಲ್ಲ. ಕೇಳಿಸಿಕೊಳ್ಳಬಾರದೆಂದು ಯಾರೂ ಹೇಳಿರಲಿಲ್ಲವೇನೋ, ಕಿವಿ ನಮ್ಮ ಕಡೆಗೇ ಇತ್ತು.

ಹುಚ್ಚಮ್ಮ ನಡುಗಿದಳು, ಆಕಳಿಸಿದಳು, ತಲೆ ತಿರುಗಿಸಿದಳು. “ಯಾರೋ ಅದು, ನನ್ನ ಹಬ್ಬ ಅಂತ ಕೂಗಿದೋನು?”

“ತಾಯಿ, ನೀನೇ ಕೇಳಿದ್ದಲ್ವಾ?” ಎಂದ ಕರಿಯಣ್ಣ.

“ನಾನು ಕೇಳಿದ್ದು ನಂಗೆ ಅಂತ. ನಿಂಗೆ ಅಂತ ಕೇಳಿದ್ನಾ? ಲೋ ಕರಿಯ, ಹುಟ್ಟಿದ ಮನೆ ಒಂದು, ಬಾಳೋ ಮನೆ ಒಂದು. ನಾನು ಎಲ್ಲಿ ಹುಟ್ಟಿದ್ನೋ ನಂಗೇ ಮರ್ತೋಗಿದೆ. ಬಾಳ್ತಿರೋದು ಆ ಸವರಿಮುತ್ತು ಮನೇಲಿ. ವರ್ಷಾ ವರ್ಷಾ ದೀಪ ಹಚ್ತಾರೆ, ಉಪವಾಸ ಇರ್ತಾರೆ, ಹೊಸ ಬಟ್ಟೆ ಉಡ್ತಾರೆ. ತವರೋರು ಅಂತ ಬಂದಿದ್ದೀರಲ್ಲ, ನೀವೇನು ಕೊಟ್ರಿ ಇಷ್ಟು ವರ್ಷ? ಒಂದು ರವಿಕೆ ಕಣ? ಒಂದು ಡಜನ್ ಬಳೆ? ಒಂದು ಸಲ ಬಾ ಮಗಳೇ ಅಂತ ಕರೆದ್ರಾ?”

ಅಂಗಳದಲ್ಲಿ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಮಾತು ಅವರಿಗೆ ದೇವಿಯ ಬಾಯಿಂದ ಬರಬೇಕಾಗಿರಲಿಲ್ಲ. ಪ್ರತಿಯೊಬ್ಬಳೂ ತನ್ನ ತವರಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತೇ ಅದು. ಹಾಲಮ್ಮ ಗೊಳೋ ಎಂದು ಅತ್ತಳು.

“ಕೊಟ್ಟ ಮಗಳ ಮನೇಲಿ ಹಬ್ಬ ಆದ್ರೆ ತವರಲ್ಲಿ ಕೆಲಸ ನಿಲ್ಸಿ ಕೂರ್ತೀರಾ? ರಜ ನಂಗೆ ದೀಪ ಹಚ್ಚೋರಿಗೆ. ನೀವು ಬಾಗಿನ ಕಳ್ಸಿ, ಕೆಲಸಕ್ಕೆ ಹೋಗಿ!” ಎಂದು ದೇವಿ ತೀರ್ಪು ಕೊಟ್ಟು, ಒಂದು ಚೊಂಬು ನೀರು ಕುಡಿದು ಹೊರಟುಹೋದಳು.

ಕರಿಯಣ್ಣ ಏನೋ ಹೇಳಹೋದ. ಅವನ ಹೆಂಡತಿ ಅವನ ಪಂಚೆಯ ಚುಂಗು ಹಿಡಿದು, “ನಿಮ್ಮ ತಂಗಿಗೆ ಗೌರಿ ಹಬ್ಬಕ್ಕೆ ಏನು ಕಳಿಸಿದ್ರಿ, ಮೊದ್ಲು ಅದನ್ನ ಹೇಳಿ ಎಲ್ರ ಮುಂದೆ!” ಎಂದಳು. ಅವನು ಕೂತುಬಿಟ್ಟ. ಬೇಲಿಯ ಆಚೆ ಕೊಡೆ ಮುಚ್ಚಿಕೊಂಡಿತು.

ಶುಕ್ರವಾರ ಬೆಳಿಗ್ಗೆ ಧರ್ಮಪ್ಪನ ಕಡೆಯ ಟಿಪ್ಪಣಿ ಕಡತ ಸೇರಿತು. ಅವನ ಸಂಶೋಧನೆಗಳಲ್ಲೆಲ್ಲ ಚಿಕ್ಕದು ಅದು: ‘ಸದರಿ ಹಬ್ಬದ ತವರುಮನೆ ಯಾವುದೆಂಬ ಬಗ್ಗೆ ಪಂಡಿತರಲ್ಲಿ ವಿವಾದವುಂಟು. ಗಂಡನ ಮನೆಯ ಬಗ್ಗೆ ವಿವಾದವಿಲ್ಲ. ತವರಿನವರು ಬಾಗಿನಕ್ಕೆ ಹೊಣೆಗಾರರೇ ಹೊರತು ರಜೆಗೆ ಅರ್ಹರಲ್ಲ.’ ಶಿವಮೂರ್ತಪ್ಪನವರಿಗೆ ಇಂಗ್ಲೆಂಡಿನ ಸನ್ಯಾಸಿ ತಿಳಿದಿರಲಿಲ್ಲ, ಯೆಹೂದ್ಯರ ಚಂದ್ರ ತಿಳಿದಿರಲಿಲ್ಲ. ಇದು ಮಾತ್ರ ತಟ್ಟನೆ ತಿಳಿಯಿತು. ಅವರಿಗೆ ಮೂವರು ಹೆಣ್ಣುಮಕ್ಕಳು. ‘ಮಂಜೂರು’ ಎಂದು ಬರೆದರು. ಸಹಿಯನ್ನೂ ಹಾಕಿದರು. ಹಾಕಿದ ಮೇಲೆ ಅದನ್ನು ಒರೆಸಬಹುದೇ ಎಂದು ಒಮ್ಮೆ ನೋಡಿದರು, ಆದರೆ ಅಷ್ಟರಲ್ಲಿ ಸವರಿಮುತ್ತು ಅರ್ಜಿಯನ್ನು ಕಣ್ಣಿಗೆ ಒತ್ತಿಕೊಂಡಿದ್ದ.

ಶನಿವಾರ ಕೆಲಸ ಮುಗಿಯುತ್ತಲೇ ಸವರಿಮುತ್ತುವಿನ ಮನೆಯವರು ರೈಲು ಹತ್ತಿದರು. ಅವರೊಡನೆ ಜನ್ನಾಪುರದ ಹೆಂಗಸರು ಕಳಿಸಿದ ಎರಡು ಮೊರದ ಬಾಗಿನವೂ ಹೋಯಿತು: ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ಬೆಲ್ಲದ ಅಚ್ಚು. ಮರಿಯಮ್ಮ ಅದನ್ನು ದೇವಿಯ ಹೆಸರಿನಲ್ಲಿ ತೆಗೆದುಕೊಳ್ಳುವ ಹಾಗಿರಲಿಲ್ಲ. “ನಮ್ಮ ಅರುಳುಗೆ ಅಂತ ಕೊಡಿ,” ಎಂದಳು. “ಮತ್ತಿನ್ಯಾರಿಗೆ?” ಎಂದಳು ಹುಚ್ಚಮ್ಮಜ್ಜಿ.

ಭಾನುವಾರ ಐವತ್ತಾರು ಜನ ತವರಿನವರು ಮುಖ ಗಂಟು ಹಾಕಿಕೊಂಡು ಎರಕ ಹೊಯ್ದರು. ಮರಳು ಸರಿಯಾಗಿದೆಯೋ ಎಂದು ಹಿಡಿದು ನೋಡುವ ಮುಷ್ಟಿ ಊರಲ್ಲಿರಲಿಲ್ಲವಾದ್ದರಿಂದ ಕುಳಗಳು ಸ್ವಲ್ಪ ಸೊಟ್ಟಗೆ ಬಂದವು. ಧರ್ಮಪ್ಪನನ್ನು ಮ್ಯಾನೇಜರು ಅವುಗಳನ್ನು ಅರದಿಂದ ಉಜ್ಜಿ ನೆಟ್ಟಗೆ ಮಾಡುವ ಕಡೆ ನಿಲ್ಲಿಸಿದರು.

ಮಂಗಳವಾರ ಸವರಿಮುತ್ತು ಹೊಸ ಅಂಗಿ ಹಾಕಿಕೊಂಡು ಬಾಳೆಹಣ್ಣು, ಸಕ್ಕರೆ ತಂದ.

“ವೀಳ್ಯ ಆಯ್ತು ಸಾಮಿ! ಹುಡುಗನ ಅತ್ತೆ ಬಾಗಿನ ನೋಡಿ ಬಾಯಿ ತೆರೀಲಿಲ್ಲ. ಇಷ್ಟೊಂದು ಜನ ಹಿಂದೆ ಇರೋ ಹೆಣ್ಣು ಅಂತ ಗಂಡಿನ ಅಪ್ಪಾನೇ ತಟ್ಟೆ ಹಿಡ್ಕೊಂಡ್ರು. ಮುಂದಿನ ತಿಂಗಳು ಹತ್ತಕ್ಕೆ ಮದುವೆ. ಇದು ಅರ್ಜಿ, ಮೂರು ದಿನ ಬೇಕು ಸಾಮಿ.”

ಧರ್ಮಪ್ಪ ನಿಜವಾಗಿಯೂ ಸಂತೋಷಪಟ್ಟ. ಅವನ ಕಣ್ಣಲ್ಲಿ ನೀರಾಡಿದ್ದನ್ನು ನಾನು ನೋಡಿದೆ. ಅರ್ಜಿ ಹಿಡಿದು ಎದ್ದು ಮ್ಯಾನೇಜರ ಕೋಣೆಯ ಬಾಗಿಲವರೆಗೆ ಹೋದವನು ಅಲ್ಲೇ ತಿರುಗಿ ನಿಂತ.

“ಅಲ್ಲಾ ಸವರಿಮುತ್ತು, ನಿಮ್ಮ ಮದುವೇಲಿ ಉಂಗುರ ಹಾಕ್ತೀರಲ್ಲ. ಅದು ಮೂಲತಃ ಎಲ್ಲಿಂದ…”

ಒಳಗಿನಿಂದ ಕುರ್ಚಿ ಉರುಳಿದ ಸದ್ದಾಯಿತು. ಶಿವಮೂರ್ತಪ್ಪನವರು ಲೇಖನಿಯನ್ನು ಈಟಿಯಂತೆ ಹಿಡಿದು ಹೊರಗೆ ಬಂದರು. ಧರ್ಮಪ್ಪನ ಕೈಯಿಂದ ಅರ್ಜಿ ಕಿತ್ತುಕೊಂಡು, ಅವನ ಕುತ್ತಿಗೆ ಹಿಡಿದು ಬಗ್ಗಿಸಿ, ಬೆನ್ನ ಮೇಲೇ ಕಾಗದ ಹರಡಿ, ಓದದೆ, ಯಾರ ಅಭಿಪ್ರಾಯವನ್ನೂ ಕೇಳದೆ, ಈ ಕೊನೆಯಿಂದ ಆ ಕೊನೆಯವರೆಗೆ ಸಹಿ ಹಾಕಿದರು.

ಮಸಿ ಆರುವವರೆಗೆ ಧರ್ಮಪ್ಪ ಹಾಗೆಯೇ ಬಗ್ಗಿ ನಿಂತಿರಬೇಕಾಯಿತು.